ನಮ್ಮ 112 ಸೋಲುಗಳ ಫಲ

ಅಮೆರಿಕದ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡವು 2023ರ ಋತುವಿನಲ್ಲಿ ಆಡಿದ 162 ಪಂದ್ಯಗಳಲ್ಲಿ 112 ಪಂದ್ಯಗಳನ್ನು ಸೋತಿತು. ಅವುಗಳಲ್ಲಿ ಒಂಬತ್ತು ಸೋಲುಗಳನ್ನು ನಾನೂ ನನ್ನ ಮಗಳೂ ಕೊಲಿಸಿಯಂ ಕ್ರೀಡಾಂಗಣದ ಬಲಬದಿಯ ಬೆಂಚುಗಳ ಮೇಲೆ ಕುಳಿತು ಕಣ್ಣಾರೆ ನೋಡಿದ್ದೇವೆ. ತಂಡವು ಓಕ್‌ಲ್ಯಾಂಡಿಗೆ ಬಂದ 1968ರಿಂದ ಯಾವ ವರ್ಷವೂ ಇಷ್ಟು ಪಂದ್ಯಗಳನ್ನು ಸೋತಿರಲಿಲ್ಲ. ಆ ವರ್ಷದ ಬಗ್ಗೆ ಬರೆಯಬೇಕೆಂದು ಹಲವು ಸಲ ಕುಳಿತು, ಸಿಟ್ಟು ಮಾತಾಗದೆ ಎದ್ದುಹೋಗಿದ್ದೇನೆ. ಈಗ ಬರೆಯಬಲ್ಲೆ ಎನಿಸುತ್ತಿದೆ. ಆ ಸೋಲುಗಳು ಯಾರಿಗಾಗಿ ಆಗಿದ್ದವು ಎಂಬುದು ಈಗ ತಿಳಿದಿದೆ.

ನಾನು ಓಕ್‌ಲ್ಯಾಂಡಿನ ಹತ್ತಿರದ ಫ್ರೀಮಾಂಟಿಗೆ ಬಂದದ್ದು 2012ರ ಆಗಸ್ಟ್ ತಿಂಗಳಲ್ಲಿ. ಬೇಸ್‌ಬಾಲ್ ಎಂದರೆ ಏನೆಂದು ಗೊತ್ತಿರಲಿಲ್ಲ. ಅಕ್ಟೋಬರ್ 3ರಂದು, ಋತುವಿನ ಕಡೆಯ ಪಂದ್ಯಕ್ಕೆ, ಕಚೇರಿಯ ಗೆಳೆಯರು ನನ್ನನ್ನು ಬಾರ್ಟ್ ರೈಲಿನಲ್ಲಿ ಕೂರಿಸಿಕೊಂಡು ಹೋದರು. ಅಂದು ಗೆದ್ದವರಿಗೆ ವಿಭಾಗದ ಅಗ್ರಸ್ಥಾನ ಎಂದಷ್ಟೇ ನನಗೆ ಹೇಳಿದ್ದರು. ಟೆಕ್ಸಸ್ ರೇಂಜರ್ಸ್ ತಂಡದ ಜೋಶ್ ಹ್ಯಾಮಿಲ್ಟನ್ ಕೈಗೆ ಬಂದ ಸುಲಭದ ಕ್ಯಾಚನ್ನು ಬಿಟ್ಟಾಗ ನಮ್ಮ ಸಾಲಿನವರೆಲ್ಲ ಒಂದೇ ಏಟಿಗೆ ಎದ್ದು ನಿಂತರು, ನಾನೂ ಎದ್ದೆ, ಪರಿಚಯವೇ ಇಲ್ಲದ ಒಬ್ಬ ದೊಡ್ಡ ಮೈಕಟ್ಟಿನ ಮನುಷ್ಯ ನನ್ನನ್ನು ಬಾಚಿ ತಬ್ಬಿಕೊಂಡ. 12–5ರಿಂದ ನಾವು ಗೆದ್ದೆವು. ‘ನಾವು’ ಎಂಬ ಮಾತು ಅಂದೇ ನನ್ನ ಬಾಯಿಗೆ ಬಂತು, ಮತ್ತೆ ಹೋಗಲಿಲ್ಲ. ಹೊಸ ದೇಶದಲ್ಲಿ ನನ್ನನ್ನು ಏನೂ ಕೇಳದೆ ತಮ್ಮವನೆಂದು ಸೇರಿಸಿಕೊಂಡ ಮೊದಲ ಗುಂಪು ಅದು. ಆ ಋಣವನ್ನು ನಾನು ಮರೆಯಲಾರೆ.

ಸೋಲು ನನಗೆ ಹೊಸದಲ್ಲ. ಬೆಂಗಳೂರಿನ ಆರ್‌ಸಿಬಿ ಅಭಿಮಾನಿಯಾಗಿ 2009, 2011, 2016 ಈ ಮೂರೂ ವರ್ಷಗಳಲ್ಲಿ ಫೈನಲ್‌ವರೆಗೆ ಬಂದು ಬರಿಗೈಯಲ್ಲಿ ಮರಳಿದ್ದನ್ನು ನೋಡಿದವನು ನಾನು. 2017ರಲ್ಲಿ ತಂಡ 49 ರನ್‌ಗಳಿಗೆ ಆಲೌಟಾದ ದಿನ ಇಲ್ಲಿ ಬೆಳಿಗ್ಗೆ ತಿಂಡಿಯ ಹೊತ್ತು. ತಟ್ಟೆಯಲ್ಲಿದ್ದ ಉಪ್ಪಿಟ್ಟು ಹಾಗೆಯೇ ಆರಿಹೋಯಿತು. ಆದರೂ ‘ಈ ಸಲ ಕಪ್ ನಮ್ದೇ’ ಎಂದು ಪ್ರತಿವರ್ಷ ಮನಸಾರೆ ಹೇಳಲು ಸಾಧ್ಯವಾಗುತ್ತಿದ್ದುದು, ಆ ತಂಡ ಗೆಲ್ಲಬೇಕೆಂದೇ ಆಡುತ್ತಿದೆ ಎಂಬ ನಂಬಿಕೆ ಒಂದು ದಿನವೂ ಅಲುಗಾಡದಿದ್ದ ಕಾರಣದಿಂದ. ಅಥ್ಲೆಟಿಕ್ಸ್ ವಿಷಯದಲ್ಲಿ ನಮ್ಮಿಂದ ಕಿತ್ತುಕೊಂಡದ್ದು ಆ ನಂಬಿಕೆಯನ್ನು.

2018 ಮತ್ತು 2019ರಲ್ಲಿ ತಂಡ ತಲಾ 97 ಪಂದ್ಯಗಳನ್ನು ಗೆದ್ದಿತ್ತು. ಮೂರನೇ ಬೇಸಿನಲ್ಲಿ ಮ್ಯಾಟ್ ಚಾಪ್‌ಮನ್, ಮೊದಲನೇ ಬೇಸಿನಲ್ಲಿ ಮ್ಯಾಟ್ ಓಲ್ಸನ್. ಇಬ್ಬರೂ ಈ ತಂಡದಲ್ಲೇ ಬೆಳೆದ ಹುಡುಗರು. 2019ರ ಅಕ್ಟೋಬರ್ 2ರ ನಾಕೌಟ್ ಪಂದ್ಯಕ್ಕೆ 54,005 ಜನ ಸೇರಿದ್ದರು. ಅಂದು ಟ್ಯಾಂಪಾ ಬೇ ರೇಸ್ ಎದುರು 5–1ರಿಂದ ಸೋತೆವು. ಸೋತು ಹೊರಬರುವಾಗಲೂ ರೈಲು ನಿಲ್ದಾಣಕ್ಕೆ ಹೋಗುವ ಕಾಲುಸೇತುವೆಯ ಮೇಲೆ ಯಾರೋ ಡೋಲು ಬಾರಿಸುತ್ತಿದ್ದರು, ಮುಂದಿನ ವರ್ಷ ನೋಡೋಣ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. 2020ರಲ್ಲಿ ವಿಭಾಗವನ್ನೂ ಗೆದ್ದರು. ಅದಾದ ಮೇಲೆ 2022ರ ಮಾರ್ಚ್ ತಿಂಗಳು ಬಂತು. ಒಂದೇ ವಾರದೊಳಗೆ ಪಿಚರ್ (ಚೆಂಡೆಸೆಯುವವ) ಕ್ರಿಸ್ ಬಾಸಿಟ್ ನ್ಯೂಯಾರ್ಕ್ ಮೆಟ್ಸ್‌ಗೆ, ಓಲ್ಸನ್ ಅಟ್ಲಾಂಟಾಕ್ಕೆ, ಚಾಪ್‌ಮನ್ ಟೊರೊಂಟೊಗೆ ಹೊರಟುಹೋದರು. ಏಪ್ರಿಲ್‌ನಲ್ಲಿ ಶಾನ್ ಮನಾಯ, ವರ್ಷ ಮುಗಿಯುವಷ್ಟರಲ್ಲಿ ಫ್ರ್ಯಾಂಕಿ ಮೊಂಟಾಸ್, ಶಾನ್ ಮರ್ಫಿ. ಅವರ ಬದಲಿಗೆ ಬಂದವರಲ್ಲಿ ಹೆಚ್ಚಿನವರು ಇನ್ನೂ ಕಿರಿಯರ ಲೀಗ್‌ಗಳಲ್ಲಿ ಆಡುತ್ತಿದ್ದ ಹುಡುಗರು.

ನನ್ನ ಅಪ್ಪ 2018ರ ಬೇಸಿಗೆಯಲ್ಲಿ ತಿಪಟೂರಿನಿಂದ ಇಲ್ಲಿಗೆ ಬಂದಿದ್ದಾಗ ನಮ್ಮೊಂದಿಗೆ ಪಂದ್ಯ ನೋಡಿ, ಚಾಪ್‌ಮನ್ ನೆಲಕ್ಕುರುಳಿ ಚೆಂಡು ಹಿಡಿದು ಎಸೆಯುವ ಪರಿಗೆ ಮರುಳಾಗಿದ್ದರು. ಫೋನ್ ಮಾಡಿದಾಗಲೆಲ್ಲ ‘ನಮ್ಮ ಹುಡುಗ ಹೇಗಿದಾನಪ್ಪ?’ ಎಂದು ಕೇಳುತ್ತಿದ್ದರು. ಅವನನ್ನು ಕೊಟ್ಟುಬಿಟ್ಟರು ಎಂದು ಹೇಳಿದ ದಿನ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಲು ಕರೆಯೋ ಹಸು ಮಾರಿ ಕರು ತಂದ್ರೆ ಮನೇಲಿ ಹಾಲಿಗೇನು ಮಾಡ್ತಾರೆ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕರು ಹಸುವಾಗುವ ಹೊತ್ತಿಗೆ ಅದನ್ನೂ ಮಾರುವುದು ಇಲ್ಲಿನ ಹಳೆಯ ಪದ್ಧತಿ ಎಂದು ಹೇಳಲು ಬಾಯಿ ಬರಲಿಲ್ಲ. 2014ರ ಕೊನೆಯಲ್ಲಿ ಜೋಶ್ ಡೊನಾಲ್ಡ್‌ಸನ್‌ನನ್ನು ಹೀಗೆಯೇ ಟೊರೊಂಟೊಗೆ ಕೊಟ್ಟಿದ್ದರು. ಮರುವರ್ಷವೇ ಆತ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನಾದ.

ಕನ್ನಡದ ಓದುಗರಿಗೆ ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಯೂರೋಪಿನ ಫುಟ್‌ಬಾಲ್ ಲೀಗ್‌ಗಳಲ್ಲಿ ಕೊನೆಯ ಸ್ಥಾನಕ್ಕೆ ಕುಸಿದ ತಂಡವನ್ನು ಕೆಳಗಿನ ದರ್ಜೆಗೆ ಇಳಿಸುತ್ತಾರೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆ ಭಯವಿಲ್ಲ. 30 ತಂಡಗಳೂ ಎಷ್ಟೇ ಸೋತರೂ ಅಲ್ಲೇ ಇರುತ್ತವೆ. ರಾಷ್ಟ್ರೀಯ ಟಿವಿ ಪ್ರಸಾರದ ಹಣದಲ್ಲಿ ಗೆದ್ದವರಿಗೂ ಸೋತವರಿಗೂ ಪಾಲುಂಟು. ಹೆಚ್ಚು ಸೋತ ತಂಡಕ್ಕೆ ಹೊಸ ಪ್ರತಿಭೆಗಳನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮುಂದಿನ ಸಾಲು ಸಿಗುವ ಸಂಭವ ಹೆಚ್ಚು. ದುರ್ಬಲರು ಚೇತರಿಸಿಕೊಳ್ಳಲೆಂದು ಮಾಡಿದ ಈ ಏರ್ಪಾಡು, ಮಾಲೀಕರಿಗೆ ಗೆಲ್ಲುವ ಮನಸ್ಸೇ ಇಲ್ಲದಿದ್ದಾಗ ಸೋಲನ್ನು ಸಾಕಿ ಬೆಳೆಸುವ ಏರ್ಪಾಡಾಗುತ್ತದೆ. 2023ರ ಆರಂಭದಲ್ಲಿ ನಮ್ಮ ತಂಡದ ಆಟಗಾರರ ಒಟ್ಟು ಸಂಬಳ 6 ಕೋಟಿ ಡಾಲರ್‌ಗೂ ಕಡಿಮೆ, 30 ತಂಡಗಳಲ್ಲೇ ಕನಿಷ್ಠ. ಅದೇ ವರ್ಷ ಮೆಟ್ಸ್ ತಂಡದ್ದು 33 ಕೋಟಿ ಡಾಲರ್‌ಗೂ ಹೆಚ್ಚು. ಮೈದಾನಕ್ಕಿಳಿದ ಹುಡುಗರ ಮೇಲೆ ನನಗೆ ಎಂದೂ ಕೋಪ ಬರಲಿಲ್ಲ. ಅವರು ತಮ್ಮ ಕೈಲಾದಷ್ಟು ಆಡಿದರು. ಅವರನ್ನು ಅಂಥ ಯುದ್ಧಕ್ಕೆ ಬರಿಗೈಯಲ್ಲಿ ಕಳಿಸಿದವರ ಮೇಲೆ ಕೋಪ.

ಮಾಲೀಕರು ಬೆರಳು ತೋರಿಸುತ್ತಿದ್ದುದು ಕ್ರೀಡಾಂಗಣದತ್ತ. 1966ರಲ್ಲಿ ತೆರೆದ ಕೊಲಿಸಿಯಂ ಹಳೆಯದಾಗಿತ್ತು, ನಿಜ. 2013ರಲ್ಲಿ ಚರಂಡಿ ನೀರು ಉಕ್ಕಿ ಆಟಗಾರರ ಕೊಠಡಿಗೇ ನುಗ್ಗಿದ್ದೂ ನಿಜ. 1990ರ ದಶಕದಲ್ಲಿ ಫುಟ್‌ಬಾಲ್ ತಂಡಕ್ಕಾಗಿ ಎಬ್ಬಿಸಿದ ಕಾಂಕ್ರೀಟ್ ಗೋಡೆಯಂಥ ಗ್ಯಾಲರಿ ಹಿಂದಿನ ಬೆಟ್ಟಗಳನ್ನು ಮುಚ್ಚಿಹಾಕಿತ್ತು. ಹೊಸ ಕ್ರೀಡಾಂಗಣದ ಮಾತು ಎಷ್ಟು ಊರು ಸುತ್ತಿತೆಂದರೆ, 2006ರಲ್ಲಿ ನಾನೀಗ ವಾಸವಿರುವ ಫ್ರೀಮಾಂಟ್‌ನಲ್ಲೇ ಕಟ್ಟುವುದಾಗಿ ಹೇಳಿ 2009ರಲ್ಲಿ ಕೈಬಿಟ್ಟರು; ಆಮೇಲೆ ಸ್ಯಾನ್ ಹೋಸೆ, ಆಮೇಲೆ ಲೇನಿ ಕಾಲೇಜಿನ ಪಕ್ಕ, ಕೊನೆಗೆ ಬಂದರಿನ ಹೋವರ್ಡ್ ಟರ್ಮಿನಲ್. ಆದರೆ ಅದೇ ಹಳೆಯ ಕಟ್ಟಡದಲ್ಲಿ 54,005 ಜನ ಕುಳಿತಿದ್ದರಲ್ಲ? ಒಳ್ಳೆಯ ಆಟಗಾರರನ್ನೆಲ್ಲ ಕಳಿಸಿ, ಸೀಸನ್ ಟಿಕೆಟ್ಟಿನ ಬೆಲೆಯನ್ನೂ ಏರಿಸಿದ ಮೇಲೆ ಖಾಲಿ ಕುರ್ಚಿಗಳನ್ನು ತೋರಿಸಿ ಈ ಊರಿನವರಿಗೆ ಆಟ ಬೇಡವಾಗಿದೆ ಎನ್ನುವುದು, ಕುಣಿಯಲಾರದವಳು ನೆಲ ಡೊಂಕು ಎಂದಂತೆ. ‘ಓಕ್‌ಲ್ಯಾಂಡಿನಲ್ಲಿ ಬೇರೂರಿದ್ದೇವೆ’ ಎಂಬ ಅರ್ಥದ ಘೋಷಣೆಯನ್ನು ಅವರೇ ವರ್ಷಗಳ ಕಾಲ ಮೆರೆಸಿದ್ದರು.

ಆ ಖಾಲಿತನವನ್ನು ಹತ್ತಿರದಿಂದ ಕಂಡವರಿಗೆ ಅದು ಎಂಥದೆಂದು ಗೊತ್ತು. 2023ರ ಮೇ 15ರ ಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕ ಜನ 2,064. ಅಂಥ ರಾತ್ರಿಗಳಲ್ಲಿ ಪಿಚರ್ ಎಸೆದ ಚೆಂಡು ಕ್ಯಾಚರ್‌ನ ಚರ್ಮದ ಗ್ಲೌಸಿಗೆ ಬಡಿದ ಸದ್ದು ನಮ್ಮ ಬೆಂಚಿನವರೆಗೂ ಕೇಳುತ್ತಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಸದಾ ಕೂರುತ್ತಿದ್ದ ಒಬ್ಬ ವೃದ್ಧರಿದ್ದರು. ನನ್ನ ಮಗಳು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದಳು, ಆ ಪದದ ಅರ್ಥ ಕೇಳಿ ತಿಳಿದುಕೊಂಡು ಅವರು ಹಿಗ್ಗಿದ್ದರು. ಕಿವಿಗೆ ಪುಟ್ಟ ರೇಡಿಯೊ, ತೊಡೆಯ ಮೇಲೆ ರಟ್ಟು, ಅದರ ಮೇಲೆ ಅಂಕಪಟ್ಟಿ. ಪ್ರತಿ ಔಟನ್ನೂ ಮೊಂಡಾದ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದರು. ತಂಡ 11–2ರಿಂದ ಹಿಂದಿದ್ದರೂ ಒಂದು ಚೌಕವನ್ನೂ ಖಾಲಿ ಬಿಡುತ್ತಿರಲಿಲ್ಲ. 1979ರಲ್ಲಿ ಇದಕ್ಕಿಂತ ಬರಡಾಗಿತ್ತು, ಒಂದು ಪಂದ್ಯಕ್ಕೆ ಬರೀ 653 ಜನ ಬಂದಿದ್ದರು, ಎರಡೇ ವರ್ಷದಲ್ಲಿ ಇದೇ ಊರಿನ ಹುಡುಗ ರಿಕಿ ಹೆಂಡರ್ಸನ್ ಓಟದ ಬಲದಿಂದ ತಂಡ ಮತ್ತೆ ಪ್ಲೇಆಫ್‌ಗೆ ಹೋಯಿತು ಎಂದು ಅವರು ನನ್ನ ಮಗಳಿಗೆ ಹೇಳುತ್ತಿದ್ದರು. 1972, 73, 74ರ ಸಾಲು ಸಾಲು ವಿಶ್ವ ಸರಣಿ ಗೆಲುವುಗಳನ್ನೂ, ಭೂಕಂಪದ ವರ್ಷವಾದ 1989ರ ಗೆಲುವನ್ನೂ ಕಂಡ ಕಣ್ಣುಗಳವು. ಅವರಿಗೆ ಈ ಕೊನೆಗಾಲದಲ್ಲಿ ಇಂಥದ್ದು ಬರಬಾರದಿತ್ತು.

2023ರ ಜೂನ್ 13ರಂದು ಅಭಿಮಾನಿಗಳು ತಲೆಕೆಳಗಾದ ಬಹಿಷ್ಕಾರವೊಂದನ್ನು ಮಾಡಿದರು. ಮೈದಾನಕ್ಕೆ ಬರದೆ ಪ್ರತಿಭಟಿಸುವ ಬದಲು ಎಲ್ಲರೂ ಬಂದು ತುಂಬೋಣ, ತಪ್ಪು ನಮ್ಮದಲ್ಲವೆಂದು ತೋರಿಸೋಣ ಎಂಬುದು ಅವರ ಆಲೋಚನೆ. 27,759 ಜನ ಸೇರಿದರು. ತಂಡವನ್ನು ಬೇರೆಯವರಿಗೆ ಕೊಡಿ ಎಂದು ಮಾಲೀಕರಿಗೆ ಹೇಳುವ, ‘ಮಾರಿಬಿಡಿ’ ಎಂಬ ಒಂದೇ ಪದ ಬರೆದ ಹಸಿರು ಅಂಗಿಗಳನ್ನು ವಾಹನ ನಿಲುಗಡೆಯಲ್ಲಿ ಉಚಿತವಾಗಿ ಹಂಚಿದರು. ಐದನೇ ಇನ್ನಿಂಗ್ಸ್ ಶುರುವಾದಾಗ ಮೊದಲೇ ಮಾತಾಡಿಕೊಂಡಂತೆ ಇಡೀ ಕ್ರೀಡಾಂಗಣ ಮೌನವಾಯಿತು. ಇಪ್ಪತ್ತೇಳು ಸಾವಿರ ಜನರ ಮೌನವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಎದ್ದ ಕೂಗು ಎದೆಗೂಡಿನೊಳಗೆ ಅದುರಿತು. ಅಂದು, ಆಗ ಎಲ್ಲರಿಗಿಂತ ಮುಂದಿದ್ದ ಟ್ಯಾಂಪಾ ಬೇ ತಂಡವನ್ನು 2–1ರಿಂದ ಸೋಲಿಸಿ ನಮ್ಮವರು ಸತತ ಏಳನೆಯ ಪಂದ್ಯ ಗೆದ್ದರು. ಅದೇ ದಿನ ನೆವಾಡಾ ರಾಜ್ಯದ ಸೆನೆಟ್, ಲಾಸ್ ವೇಗಸ್‌ನಲ್ಲಿ ಈ ತಂಡಕ್ಕಾಗಿ ಕ್ರೀಡಾಂಗಣ ಕಟ್ಟಲು ಸಾರ್ವಜನಿಕ ನೆರವು ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮೊತ್ತ 38 ಕೋಟಿ ಡಾಲರ್. ನವೆಂಬರ್‌ನಲ್ಲಿ 30 ತಂಡಗಳ ಮಾಲೀಕರೂ ಸ್ಥಳಾಂತರದ ಪರವಾಗಿಯೇ ಮತ ಹಾಕಿದರು. ಒಬ್ಬರಾದರೂ ಬೇಡ ಎನ್ನಬಹುದಿತ್ತು.

2024ರ ಸೆಪ್ಟೆಂಬರ್ 26ರಂದು ಕೊಲಿಸಿಯಂನಲ್ಲಿ ಕಡೆಯ ಪಂದ್ಯ. ಎದುರಾಳಿ ಮತ್ತೆ ಟೆಕ್ಸಸ್ ರೇಂಜರ್ಸ್. 46,889 ಜನರ ಮುಂದೆ ತಂಡದ ಹಳೆಯ ತಾರೆಗಳಾದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟೀವರ್ಟ್ ಆರಂಭದ ಚೆಂಡುಗಳನ್ನು ಎಸೆದರು. ಆ ಡಿಸೆಂಬರ್‌ನಲ್ಲೇ ರಿಕಿ ತೀರಿಕೊಂಡರು. 3–2ರಿಂದ ನಾವು ಗೆದ್ದೆವು. ಪಂದ್ಯ ಮುಗಿದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೇ ಧ್ವನಿವರ್ಧಕ ಹಿಡಿದು ಊರಿಗೆ ವಂದನೆ ಹೇಳಿದಾಗ ನಮ್ಮ ಅಜ್ಜ ಅಂಕಪಟ್ಟಿಯ ಕೊನೆಯ ಚೌಕ ತುಂಬಿಸಿ, ಪೆನ್ಸಿಲ್ಲನ್ನು ನನ್ನ ಮಗಳ ಕೈಗಿಟ್ಟರು. ಮೈದಾನದ ಸಿಬ್ಬಂದಿ ಅಭಿಮಾನಿಗಳಿಗೆ ಬೇಸ್‌ಗಳ ಸುತ್ತಲಿನ ಕೆಮ್ಮಣ್ಣನ್ನು ಲೋಟಗಳಲ್ಲಿ ತುಂಬಿ ಕೊಡುತ್ತಿದ್ದರು. ನಮಗೂ ಒಂದು ಲೋಟ ಸಿಕ್ಕಿತು. ಮನೆಗೆ ತಂದು ಕಿಟಕಿಯ ಬಳಿ ಇಟ್ಟಿದ್ದೇವೆ.

ತಂಡ ಈಗ ಸ್ಯಾಕ್ರಮೆಂಟೊದಲ್ಲಿ ಸುಮಾರು 14,000 ಜನ ಹಿಡಿಸುವ ಚಿಕ್ಕ ಮೈದಾನದಲ್ಲಿ ಆಡುತ್ತದೆ. ವೇಗಸ್‌ನ ಕ್ರೀಡಾಂಗಣ ಸಿದ್ಧವಾಗುವವರೆಗೆ ಅದೊಂದು ಬಾಡಿಗೆ ಮನೆ. ತಂಡದ ಹೆಸರಿನ ಮುಂದೆ ಯಾವ ಊರಿನ ಹೆಸರೂ ಇಲ್ಲ. ನಾವು ಹೋಗಿಲ್ಲ. ಆದರೂ ರಾತ್ರಿ ಮಲಗುವ ಮುನ್ನ ಫೋನಿನಲ್ಲಿ ಸ್ಕೋರ್ ನೋಡುವ ಅಭ್ಯಾಸ ಬಿಟ್ಟಿಲ್ಲ. 2025ರ ಜುಲೈ 25ರ ರಾತ್ರಿ ಮಗಳು ಕೋಣೆಯಿಂದ ಓಡಿಬಂದು, ‘ಅಪ್ಪ, ಕರ್ಟ್ಜ್ ನಾಲ್ಕು ಹೋಮ್ ರನ್ ಹೊಡೆದ!’ ಎಂದಳು. ಹ್ಯೂಸ್ಟನ್ ವಿರುದ್ಧ ಬ್ಯಾಟ್ ಹಿಡಿದ ಆರೂ ಸಲ ಹಿಟ್, ಅದರಲ್ಲಿ ನಾಲ್ಕು ಹೋಮ್ ರನ್. ಆ ಸಾಧನೆ ಮಾಡಿದಾತ ಇನ್ನೂ ಮೊದಲ ವರ್ಷದ ಹುಡುಗ. ಇಬ್ಬರೂ ಸೇರಿ ಆ ನಾಲ್ಕೂ ಹೊಡೆತಗಳನ್ನು ಮತ್ತೆ ಮತ್ತೆ ನೋಡಿದೆವು. ಇವನನ್ನು ನಮ್ಮವರು ಎಲ್ಲಿಂದ ತಂದರು ಎಂದು ಅವಳು ಕೇಳಿದಳು. 2024ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಆರಿಸಿಕೊಂಡರು ಎಂದೆ. ನಾಲ್ಕನೆಯ ಸರದಿ ನಮಗೆ ಹೇಗೆ ಸಿಕ್ಕಿತು ಎಂದಳು. ಹಿಂದಿನ ವರ್ಷ ನಾವು 112 ಪಂದ್ಯ ಸೋತಿದ್ದೆವಲ್ಲ, ಅದಕ್ಕೆ, ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದ್ರೆ ಅದು ನಾವು ನೋಡಿದ ಸೋಲು’ ಎಂದು ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟು ಮಲಗಲು ಹೋದಳು.