ಎರಡನೇ ವರ್ಷದ ಹುಣಸೆ

ತುಮಕೂರು, ಜೂನ್ 7, 2025, ಶನಿವಾರ

ನಿನ್ನೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಒಂದೇ ಏಟಿಗೆ ಅರ್ಧ ಪರ್ಸೆಂಟ್ ಇಳಿಸಿ 5.5ಕ್ಕೆ ತಂದಿತು. ಕಾಲು ಪರ್ಸೆಂಟ್ ಅಂದುಕೊಂಡವರೇ ಜಾಸ್ತಿ. ನಾನು ನೋಡುವುದು ಡಾಲರ್ ಸ್ವಾಪ್ಷನ್ (ಬಡ್ಡಿದರದ ಅದಲುಬದಲಿ ಒಪ್ಪಂದಕ್ಕೆ, ಅಂದರೆ ಸ್ವಾಪ್‌ಗೆ, ಮುಂದೊಂದು ದಿನ ನಿಗದಿ ದರದಲ್ಲಿ ಸೇರುವ ಹಕ್ಕು), ಆದರೂ ಮನಸ್ಸು ಅಲ್ಲೇ ಸುತ್ತುತ್ತಿತ್ತು. ನನಗೆ ಇವತ್ತಿನ ಗಲಾಟೆ ಬೇಡ. ಒಂದು ವರ್ಷ ಬಿಟ್ಟು ಶುರುವಾಗುವ ಗಲಾಟೆ ಮಾತ್ರ ಬೇಕು. ಅದೇ ಫಾರ್ವರ್ಡ್ ವೊಲಟಿಲಿಟಿ: ಮುಂದಿನ ಅವಧಿಯಲ್ಲಿ ಬಡ್ಡಿದರ ಎಷ್ಟು ಏರಿಳಿಯಬಹುದು ಅನ್ನುವ ಅಂದಾಜು.

ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು, ಪೊಟ್ಟಣದ ಪೇಪರಿನ ಮೇಲೇ ಲೆಕ್ಕ ಶುರು ಮಾಡಿದೆ. ಒಂದು ವರ್ಷದ ವೊಲ್ (ವೊಲಟಿಲಿಟಿ) 80 ಬೇಸಿಸ್ ಪಾಯಿಂಟ್ (ನೂರು ಸೇರಿದರೆ ಒಂದು ಪರ್ಸೆಂಟ್), ಎರಡು ವರ್ಷದ್ದು 90 ಅಂತಿಟ್ಟುಕೊಂಡೆ. ಹಾಗಾದರೆ ಎರಡನೇ ವರ್ಷದ್ದು 100 ಅಂತ ಸುಮ್ನೆ ಹೇಳೋ ಹಾಗಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುವುದು ವೊಲ್ ಅಲ್ಲ, ಅದರ ವರ್ಗ; ಹಾಗಾಗಿ ವರ್ಗ ಮಾಡಿ ಕಳೆಯಬೇಕು. 90ರ ವರ್ಗ 8100, ಎರಡು ವರ್ಷಕ್ಕೆ ಅದರ ಎರಡರಷ್ಟು 16200. ಅದರಲ್ಲಿ 80ರ ವರ್ಗ 6400 ಹೋದರೆ 9800. ವರ್ಗಮೂಲ 99. ಖುಷಿಯಾಯಿತು.

ಅಷ್ಟರಲ್ಲಿ ಹುಣಸೆ ಗುತ್ತಿಗೆಯವನು ಬಂದ. ಎರಡು ವರ್ಷದ ಫಸಲು ಸೇರಿಸಿ ಒಂದು ರೇಟು ಹೇಳಿದ. ಅಮ್ಮ ಕೇಳಿದ್ದು ಇಷ್ಟೇ: "ಈ ವರ್ಷದ್ದು ಕಳೆದರೆ ಬರೋ ವರ್ಷಕ್ಕೆ ಎಷ್ಟು ಬಿತ್ತು? ಎರಡು ಸಲವೂ ಇದೇ ಮರ ತಾನೇ? ಬದುವಿನ ಮರ ಸೇರಿಸಬೇಡ."

ಕೈಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಎರಡನೇ ವರ್ಷದ ಗಲಾಟೆ ಮಾತ್ರ ಉಳಿಯಲಿ ಅಂತ ನಾನೂ ಎರಡು ವರ್ಷದ್ದು ಕೊಂಡು ಒಂದು ವರ್ಷದ್ದು ಮಾರಲು ಹೊರಟಿದ್ದೆ. ನಾನು ಕೊಳ್ಳುತ್ತಿದ್ದದ್ದು ಎರಡು ವರ್ಷದ ನಂತರ ಶುರುವಾಗುವ ಐದು ವರ್ಷದ ಸ್ವಾಪ್ ಮೇಲಿನ ಆಪ್ಷನ್. ಮಾರಲು ಹೊರಟದ್ದು ಒಂದು ವರ್ಷದ ನಂತರ ಶುರುವಾಗುವ ಸ್ವಾಪ್ ಮೇಲಿನದ್ದು. ಮರವೇ ಬೇರೆ! ಮಾರಬೇಕಾದ್ದು ಮಿಡ್‌ಕರ್ವ್: ಆಪ್ಷನ್ ಒಂದು ವರ್ಷಕ್ಕೆ ಮುಗಿಯಬೇಕು, ಸ್ವಾಪ್ ಮಾತ್ರ ಅದೇ ಇರಬೇಕು. ಅದರ ವೊಲ್ 84 ಅಂತ ಹಿಡಿದರೆ ಉತ್ತರ 99 ಅಲ್ಲ, 96ರ ಹತ್ತಿರ.

ಇನ್ನೂ ಒಂದು ತಕರಾರು ಉಳಿಯಿತು. ಹೀಗೆ ಒಂದು ಕೊಂಡು ಒಂದು ಮಾರಿದರೆ ಸ್ಟ್ರೈಕ್, ಅಂದರೆ ಆಪ್ಷನ್‌ನಲ್ಲಿ ಬರೆದ ದರ, ಇವತ್ತೇ ನಿಗದಿ. ವರ್ಷದೊಳಗೆ ದರ ಒಂದು ಪರ್ಸೆಂಟ್ ಆ ಕಡೆಯೋ ಈ ಕಡೆಯೋ ಸರಿದರೆ ಎರಡೂ ಆಪ್ಷನ್‌ಗಳ ಸ್ಟ್ರೈಕ್ ಆವತ್ತಿನ ದರದಿಂದ ದೂರ ಉಳಿಯುತ್ತದೆ, ವೇಗಾ (ವೊಲ್ ಬದಲಾದರೆ ಆಪ್ಷನ್ ಬೆಲೆ ಎಷ್ಟು ಬದಲಾಗುತ್ತದೆ ಅನ್ನುವುದು) ಒಣಗುತ್ತದೆ. ವೊಲ್ ಬಗ್ಗೆ ನಾನು ಹೇಳಿದ್ದೇ ಸರಿಯಾದರೂ ದುಡ್ಡು ಬರಲ್ಲ, ಇದಕ್ಕಿಂತ ಹೊಟ್ಟೆ ಉರಿಸುವುದು ಇನ್ನೇನಿದೆ? ಫಾರ್ವರ್ಡ್ ಸ್ಟ್ರಾಡಲ್‌ನಲ್ಲಿ (ದರ ಏರಿದರೂ ಇಳಿದರೂ ಫಲ ಕೊಡುವ ಆಪ್ಷನ್ ಜೋಡಿ, ಮುಂದೆ ಶುರುವಾಗುವಂಥದ್ದು) ಸ್ಟ್ರೈಕ್ ಬೀಳುವುದು ಒಂದು ವರ್ಷ ಕಳೆದ ಮೇಲೆ, ಆವತ್ತಿನ ದರಕ್ಕೆ. ಅಲ್ಲಿಯವರೆಗೆ ಗಾಮಾ ಕಾಟ, ಅಂದರೆ ದರ ಅಲುಗಿದಂತೆಲ್ಲ ಲೆಕ್ಕ ಮತ್ತೆ ಮತ್ತೆ ಸರಿದೂಗಿಸುವ ಕಾಟ, ಇಲ್ಲ. ಆದರೆ ಕೊಳ್ಳುವ ಮಾರುವ ರೇಟಿನ ನಡುವಿನ ಅಂತರ ಅಗಲ, ಮಧ್ಯದಲ್ಲಿ ಹೊರಬರೋದು ದುಬಾರಿ. ಎರಡು ತಿಂಗಳ ಆಟವಾದರೆ ಮಿಡ್‌ಕರ್ವ್ ಜೋಡಿಯೇ ಸಾಕಿತ್ತು. ನಾನು ವರ್ಷಪೂರ್ತಿ ಇಟ್ಟುಕೊಳ್ಳುವವನು. ಸೋಮವಾರ ಸ್ಟ್ರಾಡಲ್ ರೇಟು ಕೇಳುತ್ತೇನೆ.

ಅಮ್ಮ ಗುತ್ತಿಗೆಯವನಿಗೆ ಒಂದೇ ವರ್ಷಕ್ಕೆ ಮರ ಕೊಟ್ಟಳು. ಬರೋ ವರ್ಷದ್ದಕ್ಕೆ ಬರೋ ವರ್ಷವೇ ರೇಟು ಹೇಳ್ತೀನಿ ಅಂದಳಂತೆ.