ಸಿದ್ದಾಪುರದ ಬಸ್ಸಿನಲ್ಲಿ ನೆನಪಾದ ಒಂದು ರಾಜೀನಾಮೆ

ಇಂದು ಬೆಳಿಗ್ಗೆ ಶಿರಸಿಯಿಂದ ಸಿದ್ದಾಪುರಕ್ಕೆ ಹೊರಟ ಬಸ್ಸಿನಲ್ಲಿ, ಹಿಂದಿನ ಸೀಟಿನ ಇಬ್ಬರು ಹಿರಿಯರು ಅಡಿಕೆಯ ಕೊಳೆರೋಗದ ಮಾತು ಮುಗಿಸಿ ಕುರ್ಚಿ ಬಿಡಲೊಲ್ಲದ ನಾಯಕರ ಕುರಿತು ವಾದಕ್ಕಿಳಿದಾಗ, ಇದೇ ತಾಲ್ಲೂಕಿನ ದೊಡ್ಮನೆಯವರಾದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನೆನಪಾದರು.

1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಆಗ ರಾಜ್ಯವನ್ನಾಳುತ್ತಿದ್ದ ಅವರ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ. ಆ ಸೋಲಿಗಾಗಿ ರಾಜ್ಯದ ಮುಖ್ಯಮಂತ್ರಿ ಹುದ್ದೆ ಬಿಡಬೇಕೆಂದು ಸಂವಿಧಾನದ ಯಾವ ವಿಧಿಯೂ ಹೇಳುವುದಿಲ್ಲ. ಆದರೂ ಜನರ ವಿಶ್ವಾಸ ಕೈತಪ್ಪಿತೆಂದು ಭಾವಿಸಿ ಅವರು ರಾಜೀನಾಮೆಯಿತ್ತರು. 1985ರಲ್ಲಿ ಮತ್ತೆ ಜನರ ಮುಂದೆ ನಿಂತು, ಈ ಬಾರಿ ಪಕ್ಷದ ಸ್ವಂತ ಬಹುಮತದೊಡನೆ ವಿಧಾನಸೌಧಕ್ಕೆ ಮರಳಿದರು. ಅದರಲ್ಲಿ ರಾಜಕೀಯ ಲೆಕ್ಕಾಚಾರವೇ ಇರಲಿಲ್ಲವೆಂದು ನಾನು ಹೇಳಲಾರೆ. ನಮ್ಮ ಜಿಲ್ಲೆಯವರೆಂಬ ಅಭಿಮಾನಕ್ಕೂ ಒಂದು ಮಿತಿ ಬೇಕಲ್ಲ. ನಾಗರಿಕರ ಹಕ್ಕುಗಳ ಬಗ್ಗೆ ಅಷ್ಟು ಸೊಗಸಾಗಿ ಮಾತನಾಡುತ್ತಿದ್ದ ಅವರೇ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಹುದ್ದೆ ತೊರೆಯಬೇಕಾಯಿತು.

ಅವರ ನಂತರ ಬಂದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ, ಸದನದಲ್ಲಿ ಬಹುಮತ ತೋರಿಸುವ ಅವಕಾಶವನ್ನೂ ಕೊಡದೆ, ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ವಜಾ ಮಾಡಲಾಯಿತು. ಬಹುಮತವನ್ನು ಅಳೆಯಬೇಕಾದ ಜಾಗ ರಾಜಭವನವಲ್ಲ, ಸದನ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವ ಹೊತ್ತಿಗೆ 1994 ಬಂದಿತ್ತು.

ಕಾನೂನು ಬಲ್ಲ ನಾಯಕರು ನಮ್ಮಲ್ಲಿ ಈಗಲೂ ಬೇಕಾದಷ್ಟಿದ್ದಾರೆ. ಕಾನೂನು ಒತ್ತಾಯಿಸದಿದ್ದರೂ ಎದ್ದು ಹೊರಡುವಷ್ಟು ಸಂಕೋಚ ಉಳ್ಳವರ ಹೆಸರನ್ನು ನೆನಪಿಸಿಕೊಳ್ಳುತ್ತ ಕುಳಿತಿದ್ದೆ. ಅಷ್ಟರಲ್ಲಿ ನನ್ನ ನಿಲ್ದಾಣ ಬಂತು.