ಸಂಜೆ ರೇಸಿನಲ್ಲಿ ಕಲಿಯೋದು ಏನಿದೆ?

ಹಾಯಿದೋಣಿ ನಡೆಸುವುದು ಒಂದು ಹದಕ್ಕೆ ಬಂದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ರೇಸಿನ ತಂತ್ರ ಕಲಿಯಬೇಕು. ವಾರಕ್ಕೊಂದು ಸಂಜೆ ಗೆಳೆಯರು ಸೇರಿ ಓಡಿಸುವ ರೇಸ್ ಸಾಕಾ, ದೊಡ್ಡ ಪಂದ್ಯಗಳಿಗೇ ಹೋಗಬೇಕಾ?"

ನನಗೆ ಗೊತ್ತಿರುವ ತಂತ್ರದಲ್ಲಿ ಹೆಚ್ಚಿನದು ಬಂದದ್ದು ಸಂಜೆ ರೇಸಿನಿಂದ. ನಿಮ್ಮನ್ನು ಸೋಲಿಸಿದವರು ಅಲ್ಲಿ ಅರ್ಧ ಗಂಟೆಯೊಳಗೆ ನಿಮ್ಮ ಪಕ್ಕದಲ್ಲೇ ನಿಂತು ಹಾಯಿ ಮಡಚುತ್ತಿರುತ್ತಾರೆ. ಹೇಗೆ ದಾಟಿದಿರಿ ಅಂತ ಕೇಳಿದರೆ, ಮುಚ್ಚಿಡದೆ ಹೇಳುತ್ತಾರೆ.

ಒಂದು ಸಂಜೆಯ ವಿಷಯ ಹೇಳುತ್ತೇನೆ. ಹಾಯಿದೋಣಿ ಗಾಳಿಗೆ ಎದುರಾಗಿ ನೆಟ್ಟಗೆ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಂದಷ್ಟು ದೂರ ಎಡಕ್ಕೆ ಹೋಗಿ, ಮೂತಿ ತಿರುಗಿಸಿ ಬಲಕ್ಕೆ ಹೋಗಿ, ಹೀಗೆ ಹಾವಿನ ಹಾಗೆ ಮೇಲಿನ ಮಾರ್ಕ್, ಅಂದರೆ ಗಾಳಿ ಬರುವ ಕಡೆ ನೀರಲ್ಲಿ ತೇಲಿಬಿಟ್ಟ ಗುರುತು, ತಲುಪಬೇಕು. ಆ ಮೂತಿ ತಿರುಗಿಸುವುದೇ ಟ್ಯಾಕ್. ಅವತ್ತು ನಾನು ಎರಡು ದೋಣಿ ಉದ್ದದಷ್ಟು ಮುಂದಿದ್ದೆ. ಹಿಂದಿದ್ದವರು ಟ್ಯಾಕ್ ಮಾಡಿ ಬಲಕ್ಕೆ ಹೊರಟರು. ನನ್ನ ದೋಣಿ ಚೆನ್ನಾಗಿ ಓಡುತ್ತಿತ್ತು, ನಾನು ಎಡಕ್ಕೇ ಹೋದೆ. ಇನ್ನೊಂದೇ ಟ್ಯಾಕ್‌ನಲ್ಲಿ ಮಾರ್ಕ್ ಸಿಗುತ್ತದೆ ಅನ್ನುವ ಅಂಚಿನವರೆಗೂ ಹೋಗಿ ತಿರುಗಿಸಿದೆ. ಅಷ್ಟರಲ್ಲಿ ಗಾಳಿ ಬಲಕ್ಕೆ ಹೊರಳಿತು, ಅಂದರೆ ಮೊದಲಿಗಿಂತ ಬಲಗಡೆಯಿಂದ ಬೀಸತೊಡಗಿತು. ಮಾರ್ಕಿನ ಕಡೆಗಿದ್ದ ನನ್ನ ಮೂತಿ ಕಣ್ಣೆದುರೇ ಅದರ ಕೆಳಕ್ಕೆ ಜಾರಿತು. ಅತ್ತ ಅವರು ಟ್ಯಾಕ್ ಮಾಡಿ ಬಂದರು. "ಸ್ಟಾರ್‌ಬೋರ್ಡ್!" ಎಂಬ ಕೂಗು ಕೇಳಿತು. ಬಲಮಗ್ಗುಲಿನಿಂದ ಗಾಳಿ ಪಡೆದು ಬರುವ ದೋಣಿಗೆ ಎಡಮಗ್ಗುಲಿನ ಗಾಳಿಯಲ್ಲಿರುವವರು ದಾರಿ ಬಿಡಲೇಬೇಕು. ಚುಕ್ಕಾಣಿ ಎಳೆದು ಅವರ ಹಿಂಬದಿಯಿಂದ ನುಸುಳಿದೆ.

ಲೆಕ್ಕ ಇಷ್ಟೇ. ಎರಡು ದೋಣಿಗಳು ಅಡ್ಡಕ್ಕೆ 100 ಮೀಟರ್ ದೂರದಲ್ಲಿದ್ದು ಗಾಳಿ 10 ಡಿಗ್ರಿ ಹೊರಳಿದರೆ, ಹೊರಳಿದ ಕಡೆ ಇರುವವರಿಗೆ ಗಾಳಿಯ ದಿಕ್ಕಿನಲ್ಲಿ ಸುಮಾರು 17 ಮೀಟರ್ ಪುಕ್ಕಟೆ ಸಿಗುತ್ತದೆ. ನನ್ನ ಮುನ್ನಡೆ ಅದಕ್ಕಿಂತ ಕಡಿಮೆಯಿತ್ತು.

ದಡಕ್ಕೆ ಬಂದ ಮೇಲೆ ಕೇಳಿದೆ, "ಗಾಳಿ ಬಲಕ್ಕೆ ಹೊರಳುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿರಲಿಲ್ಲ. ನಿಮ್ಮ ಹಾಯಿಯಿಂದ ಕದಡಿದ ಗಾಳಿ ನನ್ನ ಮೇಲೆ ಬೀಳ್ತಿತ್ತು, ದೋಣಿ ಓಡ್ತಾನೇ ಇರಲಿಲ್ಲ. ಚೊಕ್ಕ ಗಾಳಿ ಹುಡುಕಿಕೊಂಡು ಹೋದೆ. ನೀವು ಯಾಕೆ ನನ್ನ ಹಿಂದೆ ಬರಲಿಲ್ಲ?"

ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಾನು ಗಾಳಿಯನ್ನು ಓದಬೇಕು ಅಂದುಕೊಂಡಿದ್ದೆ, ಅವರು ನನ್ನನ್ನು ಓದಿದ್ದರು. ಮುಂದಿರುವವರು ಎದುರಾಳಿಗೂ ಮಾರ್ಕಿಗೂ ನಡುವೆ ಇದ್ದರೆ ಗಾಳಿ ಯಾವ ಕಡೆ ಹೊರಳಿದರೂ ಇಬ್ಬರಿಗೂ ಸಿಗುವುದು ಹೆಚ್ಚುಕಡಿಮೆ ಒಂದೇ. ಇದನ್ನು ಮೊದಲೇ ಓದಿದ್ದೆ. ಆದರೆ ದೋಣಿ ಸಲೀಸಾಗಿ ಓಡುತ್ತಿರುವಾಗ ಅದನ್ನು ಬಿಟ್ಟು ತಿರುಗಿಸಲು ಮನಸ್ಸು ಒಪ್ಪುವುದಿಲ್ಲ ಅನ್ನುವುದು ಓದಿನಲ್ಲಿ ಗೊತ್ತಾಗುವುದಿಲ್ಲ.

ಮುಂದಿನ ವಾರ ಅದೊಂದನ್ನೇ ಪ್ರಯತ್ನಿಸಿದೆ: ಅವರು ತಿರುಗಿಸಿದಾಗಲೆಲ್ಲ ನಾನೂ ತಿರುಗಿಸುವುದು. ಅದೂ ಅತಿಯಾಯಿತು. ಪ್ರತಿ ಟ್ಯಾಕ್‌ಗೂ ವೇಗ ಕುಗ್ಗುತ್ತದೆ, ನಾವಿಬ್ಬರೂ ಎಳೆದಾಡುವಷ್ಟರಲ್ಲಿ ಉಳಿದವರು ದಾಟಿಹೋದರು. ಆಮೇಲೆ ಸ್ವಲ್ಪ ಸಡಿಲ ಬಿಟ್ಟು ಹಿಂಬಾಲಿಸುವುದು ಕಲಿತೆ. ತುಂಬಾ ದುಡ್ಡು, ರಜೆ ಸುರಿದು ಹೋದ ಪಂದ್ಯದಲ್ಲಿ ಇಂಥ ಪ್ರಯೋಗಕ್ಕೆ ಧೈರ್ಯ ಬರುತ್ತಿರಲಿಲ್ಲ. ಸಂಜೆ ರೇಸಿನಲ್ಲಿ ಸೋತರೆ ಮತ್ತೊಂದು ವಾರ ಇದ್ದೇ ಇದೆ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ, ಒಂದು ಸಂಜೆಗೆ ಒಂದೇ ವಿಷಯ ಹಿಡಿಯಿರಿ.

ಗೆಳೆತನದ ರೇಸ್ ಅಂತ ನಿಯಮ ಸಡಿಲಿಸಬೇಡಿ, ಇದನ್ನು ಮಾತ್ರ ಬೇಡಿಕೊಳ್ಳುತ್ತೇನೆ. ದಾರಿ ಬಿಡದೆ ತಪ್ಪಿದರೆ ಯಾರೂ ದೂರದಿದ್ದರೂ ಬದಿಗೆ ಸರಿದು, ದಂಡವಾಗಿ ದೋಣಿಯನ್ನು ಒಂದೇ ದಿಕ್ಕಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಆ ಅಭ್ಯಾಸವಿಲ್ಲದೆ ಕಲಿತ ತಂತ್ರ ದೊಡ್ಡ ಪಂದ್ಯದಲ್ಲಿ ಕೈಕೊಡುತ್ತದೆ. ಸಂಜೆ ರೇಸಿನಲ್ಲಿ ಸಿಗದ ಪಾಠವೂ ಒಂದಿದೆ. ನಲವತ್ತು ದೋಣಿಗಳ ನೂಕುನುಗ್ಗಲಲ್ಲಿ ಸ್ಟಾರ್ಟ್ ಮಾಡುವುದು ಏಳೆಂಟು ದೋಣಿಗಳ ನಡುವೆ ಬರುವುದಿಲ್ಲ, ಅದಕ್ಕೆ ಅಲ್ಲಿಗೇ ಹೋಗಬೇಕು.

ಮೊದಲ ಸಂಜೆಗೆ ಏನು ಹಿಡಿಯಲಿ ಅಂದರೆ, ಸ್ಟಾರ್ಟ್ ಲೈನ್. ಸ್ಟಾರ್ಟಿಗೆ ಐದು ನಿಮಿಷದ ಎಚ್ಚರಿಕೆ ಕೊಡುವ ಮೊದಲೇ ಲೈನಿನ ನಡುವಿಗೆ ಹೋಗಿ, ಹಾಯಿ ಸಡಿಲಿಸಿ, ಮೂತಿಯನ್ನು ನೇರ ಗಾಳಿಗೆ ಹಿಡಿಯಿರಿ. ಹಾಯಿ ದೋಣಿಯ ಮಧ್ಯದಲ್ಲೇ ಪಟಪಟ ಬಡಿಯಬೇಕು. ಆಗ ಮೂತಿ ಲೈನಿನ ಯಾವ ತುದಿಗೆ ಹೆಚ್ಚು ವಾಲಿದೆ ನೋಡಿ. ಆ ತುದಿ ಗಾಳಿಗೆ ಹತ್ತಿರ, ಅಲ್ಲಿಂದ ಹೊರಟರೆ ದಾರಿ ಕಡಿಮೆ. ನೋಡಿದ್ದನ್ನು ಜೊತೆಗಿರುವವರಿಗೆ ಜೋರಾಗಿ ಹೇಳಿ. ದಡಕ್ಕೆ ಬಂದ ಮೇಲೆ, ಇನ್ನೊಂದು ತುದಿಯಿಂದ ಹೊರಟವರನ್ನು ಹುಡುಕಿ, ಅವರಿಗೆ ಏನು ಕಂಡಿತ್ತು ಅಂತ ಕೇಳಿ.